ಬಾಗಿದ ಜೇಬು ಚಾಕುವಿಗೆ ಮನೆಯಲ್ಲೇ ಸಾಣೆ ಹಿಡಿಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕುಷ್ಟಗಿ ತಾಲ್ಲೂಕಿನಲ್ಲಿ ನಮ್ಮದೊಂದು ದಾಳಿಂಬೆ ತೋಟ ಇದೆ. ಚಾಟನಿ, ಅಂದರೆ ಟೊಂಗೆ ಸವರುವ ಕೆಲಸ, ಶುರುವಾಯಿತು ಅಂದರೆ ಜೇಬಿನಲ್ಲಿ ಮಡಚುವ ಚಾಕು ಇದ್ದೇ ಇರಬೇಕು. ಗಿಣಿಯ ಕೊಕ್ಕಿನ ಹಾಗೆ ಒಳಕ್ಕೆ ಬಾಗಿದ ಚಾಕು. ಕತ್ತರಿ ಹೋಗದ ಸಂದಿಗೆ ಅದು ಹೋಗುತ್ತದೆ. ಬುಡದ ಚಿಗುರನ್ನು ಒಂದೇ ಎಳೆತಕ್ಕೆ ತೆಗೆಯುತ್ತದೆ. ಗೊಬ್ಬರದ ಚೀಲ, ಸುತ್ತಲಿ ದಾರ, ಡ್ರಿಪ್ ಪೈಪು ಎಲ್ಲಕ್ಕೂ ಅದೇ.

ಆದರೆ ಅದರ ಬಾಯಿ ಹೋಯಿತು ಅಂದರೆ ಹೆಚ್ಚಿನವರು ಹೊಸದು ಕೊಳ್ಳುತ್ತಾರೆ, ಇಲ್ಲವೇ ಮೊಂಡು ಚಾಕುವಿನಲ್ಲೇ ಗುದ್ದಾಡುತ್ತಾರೆ. ಎರಡೂ ಬೇಡ. ಹತ್ತು ವರ್ಷದಿಂದ ನನ್ನ ಚಾಕುವನ್ನು ನಾನೇ ಮಸೆದುಕೊಳ್ಳುತ್ತಿದ್ದೇನೆ. ಸಂತೆಯಲ್ಲಿ, ತೋಟದಲ್ಲಿ, ಮದುವೆ ಮನೆಯಲ್ಲಿ ಜನ ನನ್ನನ್ನು ಕೇಳಿದ ಪ್ರಶ್ನೆಗಳನ್ನೆಲ್ಲ ಇಲ್ಲಿ ಸೇರಿಸಿದ್ದೇನೆ.

ಮೊದಲು ಮಾತು ಗೊಂದಲ ಆಗದಿರಲಿ. ಅಲಗು ಅಂದರೆ ಚಾಕುವಿನ ಪೂರ್ತಿ ಲೋಹದ ಭಾಗ. ಬಾಯಿ ಅಂದರೆ ಕೊಯ್ಯುವ ಅಂಚು. ಬೆನ್ನು ಅಂದರೆ ಅದರ ಎದುರಿನ ದಪ್ಪ ಅಂಚು. ತುದಿಯಲ್ಲಿರುವುದು ಮೊನೆ, ಹಿಡಿಯ ಹತ್ತಿರ ಇರುವುದು ಬುಡ.

ಮನೆಯ ಸಾಣೆಕಲ್ಲಿನ ಮೇಲೆ ಎಷ್ಟು ಉಜ್ಜಿದರೂ ಹರಿತ ಆಗುವುದಿಲ್ಲ. ಯಾಕೆ?

ಕಲ್ಲು ಚಪ್ಪಟೆ, ಚಾಕು ಬಾಗಿದ್ದು. ಒಂದು ಕುಡುಗೋಲನ್ನು ಬಾಯಿ ಕೆಳಗೆ ಮಾಡಿ ಮೇಜಿನ ಮೇಲೆ ಇಟ್ಟು ನೋಡಿ. ಬುಡ ತಾಗುತ್ತದೆ, ಮೊನೆ ತಾಗುತ್ತದೆ. ನಡುವಿನ ಭಾಗ ಮೇಲೆ ಎದ್ದೇ ಇರುತ್ತದೆ. ನಿಮ್ಮ ಚಾಕುವಿಗೂ ಅದೇ ಆಗುತ್ತಿದೆ. ನೀವು ಉಜ್ಜಿದಷ್ಟೂ ಮೊನೆ ಸವೆಯುತ್ತದೆ, ನಿಜವಾಗಿ ಕೊಯ್ಯುವ ಒಳಬಾಗು ಮೊಂಡಾಗಿಯೇ ಉಳಿಯುತ್ತದೆ.

ಹಾಗಾಗಿ ಇಲ್ಲಿ ಚಾಕುವನ್ನು ಕಲ್ಲಿನ ಹತ್ತಿರ ಒಯ್ಯಬಾರದು. ಚಾಕು ಸುಮ್ನೆ ಒಂದು ಕಡೆ ಕೂತಿರಬೇಕು, ಕಲ್ಲೇ ಅದರ ಹತ್ತಿರ ಬರಬೇಕು. ಆ ಕಲ್ಲು ದುಂಡಗಿರಬೇಕು. ಚಾಕುವಿನ ಬಾಗಿನೊಳಗೆ ಸಲೀಸಾಗಿ ಕೂರುವಷ್ಟು ಸಣ್ಣ ದುಂಡು ಇರಬೇಕು. ಇಷ್ಟು ತಲೆಗೆ ಹೋದರೆ ಅರ್ಧ ಕಲಿತ ಹಾಗೆ. ಉಳಿದ ಅರ್ಧ ಕೈಗೆ ಬರಬೇಕಾದದ್ದು.

ನನ್ನ ಚಾಕು ಒಳಕ್ಕಲ್ಲ, ಹೊರಕ್ಕೆ ಬಾಗಿದೆ. ಅದಕ್ಕೂ ಇದೇ ದಾರಿಯಾ?

ಅಲ್ಲ. ಹೊಟ್ಟೆ ಹೊರಕ್ಕೆ ಬಂದ ಚಾಕುವಿಗೆ ಚಪ್ಪಟೆ ಕಲ್ಲೇ ಸಾಕು. ಮಸೆಯುತ್ತ ಮೊನೆಯ ಕಡೆ ಹೋದ ಹಾಗೆ ಹಿಡಿಯನ್ನು ಸ್ವಲ್ಪ ಸ್ವಲ್ಪ ಮೇಲೆತ್ತಬೇಕು, ಅಷ್ಟೇ. ಎತ್ತದಿದ್ದರೆ ಮೊನೆಯ ಹತ್ತಿರದ ಒಂದು ಇಂಚು ಮೊಂಡಾಗಿ ಉಳಿಯುತ್ತದೆ.

ಕಲ್ಲು ಇಲ್ಲದಿದ್ದರೆ ಗ್ರಾನೈಟ್ ತುಂಡು ಸಾಕು. ನಮ್ಮ ಕಡೆ ಇಳಕಲ್ ಗ್ರಾನೈಟ್ ಅಂತ ಹೇಳುವ ಕೆಂಪುಕಲ್ಲಿನ ಕ್ವಾರಿಗಳಿವೆ, ಪಾಲಿಶ್ ಮಾಡುವ ಕಡೆ ತುಂಡುಗಳು ಬಿದ್ದಿರುತ್ತವೆ. ಕೇಳಿ ಒಂದು ತುಂಡು ತನ್ನಿ. ಅದರ ನುಣುಪು ಮುಖದ ಮೇಲೆ ವಾಟರ್ ಪೇಪರ್ (ನೀರಿಗೆ ಹರಿಯದ ಕಪ್ಪು ಉಪ್ಪುಕಾಗದ) ಒದ್ದೆ ಮಾಡಿ ಅಂಟಿಸಿದರೆ ಒಳ್ಳೆಯ ಸಮತಟ್ಟಾದ ಸಾಣೆ ಸಿಕ್ಕಿತು. ಆದರೆ ಕಾಗದದ ಮೇಲೆ ಚಾಕುವನ್ನು ಬಾಯಿ ಮುಂದು ಮಾಡಿ ತಳ್ಳಬೇಡಿ, ಕಾಗದ ಸೀಳುತ್ತದೆ. ಬೆನ್ನು ಮುಂದೆ ಇರುವ ಹಾಗೆ ಎಳೆಯಿರಿ.

ಇನ್ನು ಮುಂದೆ ಹೇಳುವುದೆಲ್ಲ ಒಳಬಾಗಿನ ಚಾಕುವಿನ ಬಗ್ಗೆ.

ಏನೇನು ಸಾಮಾನು ಬೇಕು? ದುಡ್ಡು ಜಾಸ್ತಿ ಆಗುತ್ತದಾ?

ಇಲ್ಲ. ಹಾರ್ಡ್‌ವೇರ್ ಅಂಗಡಿಗೆ ಹೋಗಿ ವಾಟರ್ ಪೇಪರ್ ಕೇಳಿ. ಬಡಗಿಗಳು ಬಳಸುವ ಕೆಂಚು ಉಪ್ಪುಕಾಗದ ಅಲ್ಲ. ಇದು ಕಪ್ಪಗಿರುತ್ತದೆ, ನೀರಿನಲ್ಲಿ ನೆನೆದರೂ ಹರಿಯುವುದಿಲ್ಲ. 400, 800, 1500 ನಂಬರಿನ ಒಂದೊಂದು ಹಾಳೆ ಸಾಕು. ನಂಬರ್ ಹೆಚ್ಚಾದಷ್ಟೂ ಕಾಗದ ನುಣುಪು.

ಮನೆಯಲ್ಲಿ ಉಳಿದಿರುವ ಅರ್ಧ ಇಂಚಿನ ಪೈಪಿನ ತುಂಡು ಒಂದು ಅಡಿ ಉದ್ದ ಕೊಯ್ದುಕೊಳ್ಳಿ. ಡ್ರಿಪ್ಪಿನ ಕರಿ ಲ್ಯಾಟರಲ್ ಪೈಪು ಬೇಡ, ಬಾಗುತ್ತದೆ. ಗಟ್ಟಿ ಪೈಪು ಬೇಕು. ಚಾಕುವಿನ ಬಾಗು ಇನ್ನೂ ಬಿಗಿಯಾಗಿದ್ದರೆ ಕಬ್ಬಿಣದ ಸಲಾಕೆ, ದಪ್ಪ ಪೆನ್ನು, ಯಾವುದಾದರೂ ದುಂಡಗಿನದು ನಡೆಯುತ್ತದೆ. ಅದಕ್ಕೆ ವಾಟರ್ ಪೇಪರನ್ನು ಒಂದೂವರೆ ಸುತ್ತು ಬಿಗಿಯಾಗಿ ಸುತ್ತಿ, ಎರಡೂ ತುದಿಗೆ ಟೇಪ್ ಹಾಕಿ. ನಿಮ್ಮ ದುಂಡು ಸಾಣೆ ಸಿದ್ಧ.

ದುಡ್ಡು ಇದ್ದರೆ ಸೆರಾಮಿಕ್ ಕಡ್ಡಿ ಅಥವಾ ವಜ್ರದ ಪುಡಿ ಹಚ್ಚಿದ ಡೈಮಂಡ್ ಕಡ್ಡಿ ಕೊಳ್ಳಬಹುದು. ತುದಿಗೆ ಹೋದಂತೆ ಸಣ್ಣಗಾಗುವ ಕಡ್ಡಿ ಸಿಕ್ಕರೆ ಬಹಳ ಅನುಕೂಲ. ಎಲ್ಲ ಬಗೆಯ ಬಾಗಿಗೂ ಅದರಲ್ಲಿ ಒಂದು ಜಾಗ ಹೊಂದುತ್ತದೆ. ಆದರೆ ಮೊದಲ ವರ್ಷ ಪೈಪು ಮತ್ತು ಕಾಗದದಲ್ಲೇ ಕಲಿಯಿರಿ ಅನ್ನುವುದು ನನ್ನ ಅಭಿಪ್ರಾಯ. ಡೈಮಂಡ್ ಕಡ್ಡಿ ಜೋರಾಗಿ ಕೊರೆಯುತ್ತದೆ. ಕೈ ಪಳಗದವರಿಗೆ ಅದು ತಪ್ಪನ್ನೂ ಅಷ್ಟೇ ಜೋರಾಗಿ ಮಾಡಿಸುತ್ತದೆ.

ಏನೂ ಕೊಳ್ಳದೆ ಆಗುವುದಿಲ್ವಾ?

ಚಾಕು ಪೂರ್ತಿ ಮೊಂಡಾಗಿರದಿದ್ದರೆ ಆಗುತ್ತದೆ. ಪಿಂಗಾಣಿ ಚಹಾ ಕಪ್ಪನ್ನು ಬೋರಲು ಹಾಕಿ. ತಳದಲ್ಲಿ ಹೊಳಪು ಇಲ್ಲದ ಒರಟು ಉಂಗುರ ಕಾಣುತ್ತದೆ. ಅದು ಸಣ್ಣ ಸಾಣೆಯ ಕೆಲಸ ಮಾಡುತ್ತದೆ. ಉಂಗುರ ತೆಳ್ಳಗೆ, ದುಂಡಗೆ ಇರುವುದರಿಂದ ಒಳಬಾಗಿಗೂ ತಾಗುತ್ತದೆ. ಅಡುಗೆಮನೆಯ ಈಳಿಗೆಯವರಿಗೂ ಇದು ಗೊತ್ತಿರುವ ಉಪಾಯವೇ.

ಮಸೆಯುವಾಗ ಚಾಕು ಬೆರಳ ಮೇಲೆ ಮಡಚಿಕೊಂಡರೆ?

ಒಳ್ಳೆಯ ಪ್ರಶ್ನೆ. ಇದನ್ನು ಎಲ್ಲಕ್ಕಿಂತ ಮೊದಲು ಕೇಳಬೇಕು. ಜಾತ್ರೆಯಲ್ಲಿ, ಸಂತೆಯಲ್ಲಿ ಸಿಗುವ ಬಹಳ ಜೇಬು ಚಾಕುಗಳಿಗೆ ಲಾಕ್ ಇರುವುದಿಲ್ಲ. ಬೆನ್ನಿನಲ್ಲಿ ಒಂದು ಸ್ಪ್ರಿಂಗ್ ಪಟ್ಟಿ ಮಾತ್ರ ಇರುತ್ತದೆ. ಬೆನ್ನಿನ ಕಡೆಯಿಂದ ಸ್ವಲ್ಪ ಒತ್ತಡ ಬಿದ್ದರೆ ಚಾಕು ಟಪ್ ಅಂತ ಮಡಚಿಕೊಳ್ಳುತ್ತದೆ. ಮೂರು ವರ್ಷದ ಹಿಂದೆ ನನ್ನ ಎಡಗೈ ತೋರುಬೆರಳಿಗೆ ಹಾಗೇ ಆಗಿ ನಾಲ್ಕು ಹೊಲಿಗೆ ಬಿದ್ದವು. ಈಗಲೂ ಚಳಿಗಾಲದಲ್ಲಿ ಆ ಜಾಗ ಜುಮ್ ಅನ್ನುತ್ತದೆ.

ಅವತ್ತಿನಿಂದ ಚಾಕು ಪೂರ್ತಿ ತೆರೆದು, ಅಲಗು ಒಳಗೆ ಹೋಗುವ ಸಂದಿಗೆ ಮರದ ಚಕ್ಕೆ ಬಿಗಿಯಾಗಿ ತುರುಕುತ್ತೇನೆ. ಮೇಲೆ ನಾಲ್ಕು ಸುತ್ತು ಟೇಪ್ ಹಾಕುತ್ತೇನೆ. ಲಾಕ್ ಇರುವ ಚಾಕುವಿಗೂ ಹೀಗೇ ಮಾಡುತ್ತೇನೆ. ನೀವೂ ಮಾಡಿ, ದಯವಿಟ್ಟು.

ಶುರು ಮಾಡುವ ಮೊದಲು ಚಾಕು ತೊಳೆಯಬೇಕಾ?

ತೊಳೆಯಬೇಕು. ಗಿಡದ ರಸ ಒಣಗಿ ಅಂಟಿದ್ದರೆ ಕಾಗದದ ಕಣ್ಣು ಮುಚ್ಚಿಹೋಗುತ್ತದೆ. ಸೋಪು ನೀರು ಸಾಕು, ಹಟ ಮಾಡಿದರೆ ಸ್ವಲ್ಪ ಸೀಮೆಎಣ್ಣೆ. ಒರೆಸಿ ಒಣಗಿಸಿ.

ಸರಿ, ಮಸೆಯುವುದು ಹೇಗೆ? ಒಂದೊಂದಾಗಿ ಹೇಳಿ.

ಬೆಳಕು ಚೆನ್ನಾಗಿ ಬೀಳುವ ಕಡೆ ಮೇಜು ಹಾಕಿ. ಬೆಳಗಿನ ಹೊತ್ತು ಪಡಸಾಲೆಯಲ್ಲಿ ಕೂತರೆ ಎಲ್ಲಕ್ಕಿಂತ ಒಳ್ಳೆಯದು. ಬೇಸಿಗೆಯಲ್ಲಿ ಮಧ್ಯಾಹ್ನ ಬೇಡ. ಬೆವರಿದ ಕೈಯಲ್ಲಿ ಹಿಡಿ ಜಾರುತ್ತದೆ.

ಚಾಕುವನ್ನು ಮೇಜಿನ ಅಂಚಿಗೆ ಉದ್ದಕ್ಕೆ ಮಲಗಿಸಿ. ಬಾಯಿ ನಿಮ್ಮ ಕಡೆ ಇರಲಿ, ಮೇಜಿನಿಂದ ಅರ್ಧ ಬೆರಳಷ್ಟು ಹೊರಗೆ ಚಾಚಿರಲಿ. ಹಿಡಿ ದಪ್ಪ ಇರುವುದರಿಂದ ಅಲಗು ಮೇಜಿಗೆ ಕೂರುವುದಿಲ್ಲ. ಅಲಗಿನ ಕೆಳಗೆ ಒಂದು ತೆಳು ಮರದ ಪಟ್ಟಿ ಇಡಿ. ಹಿಡಿಗೆ ಬಟ್ಟೆ ಸುತ್ತಿ ಸಿ-ಕ್ಲಾಂಪ್‌ನಿಂದ ಮೇಜಿಗೆ ಬಿಗಿಯಿರಿ. ಕ್ಲಾಂಪ್ ಇಲ್ಲದಿದ್ದರೆ ಎಡಗೈಯಲ್ಲಿ ಹಿಡಿಯನ್ನು ಒತ್ತಿ ಹಿಡಿಯಬಹುದು, ಆದರೆ ಬೆರಳು ಅಲಗಿನ ಮೇಲೆ ಬರಬಾರದು. ನೀವು ನೇರ ಎದುರಿಗೆ ಕೂರಬೇಡಿ, ಸ್ವಲ್ಪ ಓರೆಯಾಗಿ ಕೂತುಕೊಳ್ಳಿ.

ಈಗ ಕಾಗದ ಸುತ್ತಿದ ಪೈಪನ್ನು ಒಂದು ತುದಿಯಲ್ಲಿ ಹಿಡಿದುಕೊಳ್ಳಿ. ಕಾಗದವನ್ನು ನೀರಿನಲ್ಲಿ ಅದ್ದಿ. ಪೈಪನ್ನು ಚಾಕುವಿನ ಬಾಯಿಗೆ ಅಡ್ಡಲಾಗಿ ಇಡಿ. ಅದರ ಆಚೆ ತುದಿ ಚಾಕುವಿನ ಬೆನ್ನಿನ ಮೇಲೆ ಸ್ವಲ್ಪ ಎತ್ತರದಲ್ಲಿರಬೇಕು. ನಿಮ್ಮ ಕೈ ಇರುವ ತುದಿ ಬಾಯಿಗಿಂತ ಸ್ವಲ್ಪ ಕೆಳಗಿರಬೇಕು. ಕೈಗೂ ಬಾಯಿಗೂ ನಾಲ್ಕು ಬೆರಳು ಅಂತರ ಇರಲಿ.

ಹಾಗೇ ಹೊರಕ್ಕೆ, ನಿಮ್ಮ ಕಡೆಗೆ ಎಳೆಯಿರಿ. ಬೆನ್ನಿನ ಕಡೆಯಿಂದ ಬಾಯಿ ದಾಟಿ ಹೊರಗೆ. ಕೈ ಯಾವಾಗಲೂ ಬಾಯಿಯಿಂದ ದೂರ ಹೋಗುತ್ತದೆ, ಹಾಗಾಗಿ ಅಪಾಯ ಕಡಿಮೆ. ಕಾಗದವೂ ಸೀಳುವುದಿಲ್ಲ. ಎಳೆದ ಮೇಲೆ ಪೈಪನ್ನು ಎತ್ತಿ ಮತ್ತೆ ಬೆನ್ನಿನ ಕಡೆ ಇಡಿ. ವಾಪಸ್ ತಳ್ಳಬೇಡಿ.

ಬುಡದಿಂದ ಶುರು ಮಾಡಿ. ಎಳೆಯುತ್ತ ಎಳೆಯುತ್ತ ಪೈಪನ್ನು ಮೊನೆಯ ಕಡೆ ಸರಿಸುತ್ತ ಹೋಗಿ. ಒಂದೇ ಜಾಗದಲ್ಲಿ ನಿಂತರೆ ಅಲ್ಲಿ ಗುಳಿ ಬೀಳುತ್ತದೆ. ಬುಡದಿಂದ ಮೊನೆವರೆಗೆ ಒಂದು ಸುತ್ತಿಗೆ ಎಂಟು ಹತ್ತು ಎಳೆತ. ಭಾರ ಹಾಕಬೇಡಿ. ಪೈಪಿನ ತೂಕ, ಅದರ ಮೇಲೆ ಒಂದಿಷ್ಟು ಕೈಯ ತೂಕ, ಸಾಕು.

ಸದ್ದು ಕೇಳುತ್ತಿರಿ. ಸರಿಯಾಗಿ ತಾಗಿದಾಗ ಒಂದೇ ಸಮನೆ ‘ಸ್ಸ್’ ಅನ್ನುತ್ತದೆ. ಕರಕರ ಅಂದರೆ ಬಾಯಿ ಅಲ್ಲಿ ಮುರಿದಿದೆ, ಇಲ್ಲವೇ ಕಾಗದದಲ್ಲಿ ಮರಳು ಸೇರಿದೆ. ಸದ್ದೇ ಇಲ್ಲ ಅಂದರೆ ಪೈಪು ಬಾಯಿಗೆ ತಾಗುತ್ತಿಲ್ಲ, ಮೇಲೆ ಎಲ್ಲೋ ತೇಲುತ್ತಿದೆ.

ಬಾಯಿಯಲ್ಲಿ ಕಣ್ಣಿಗೆ ಕಾಣುವ ಮುರುಕು ಇದ್ದರೆ 400ರಿಂದ ಶುರು ಮಾಡಿ. ಬರೀ ಮೊಂಡಾಗಿದ್ದರೆ 800 ಸಾಕು. ಒಂದು ಬದಿ ಮುಗಿಯುವವರೆಗೆ ಚಾಕು ತಿರುಗಿಸಬೇಡಿ. ಮುಗಿದದ್ದು ಗೊತ್ತಾಗುವುದು ಹೇಗೆ ಅಂತ ಕೆಳಗೆ ಬರೆದಿದ್ದೇನೆ.

ಎಷ್ಟು ಓರೆ ಹಿಡಿಯಬೇಕು?

ಜೇಬು ಚಾಕುವಿಗೆ ಒಂದೊಂದು ಬದಿಗೆ ಸುಮಾರು 20 ಡಿಗ್ರಿ. ಟೊಂಗೆ ಕೊಯ್ಯುವ ಚಾಕುವಿಗೆ 25ರವರೆಗೂ ಹೋಗಬಹುದು. ಆಗ ಬಾಯಿ ಬೇಗ ಮುರಿಯುವುದಿಲ್ಲ.

ಡಿಗ್ರಿ ಅಳೆಯುವ ಸಾಮಾನು ಬೇಡ. ಚಾಕು 20 ಮಿಲಿಮೀಟರ್ ಅಗಲ ಇದ್ದರೆ, 20 ಡಿಗ್ರಿಗೆ ಬೆನ್ನಿನ ಹತ್ತಿರ ಪೈಪು ಸುಮಾರು 7 ಮಿಲಿಮೀಟರ್ ಎತ್ತರದಲ್ಲಿರುತ್ತದೆ. ಹೆಚ್ಚು ಕಡಿಮೆ ಒಂದು ಪೆನ್ಸಿಲ್ಲಿನ ದಪ್ಪ. ಮೊದಲ ಎಳೆತಕ್ಕೆ ಮುಂಚೆ ಬೆನ್ನಿಗೂ ಪೈಪಿಗೂ ನಡುವೆ ಪೆನ್ಸಿಲ್ ತೂರಿಸಿ ನೋಡಿ. ಆ ಓರೆ ಕೈಗೆ ನೆನಪಾಗಲಿ, ಆಮೇಲೆ ಪೆನ್ಸಿಲ್ ತೆಗೆಯಿರಿ.

ಇನ್ನೊಂದು ಉಪಾಯ ಇದಕ್ಕಿಂತ ಒಳ್ಳೆಯದು. ಬಾಯಿಯ ಇಳಿಜಾರಿಗೆ ಕಪ್ಪು ಮಾರ್ಕರ್ ಪೆನ್ ಬಳಿಯಿರಿ. ಎರಡು ಮೂರು ಎಳೆತ ಎಳೆದು ನೋಡಿ. ಬಾಯಿಯ ತುತ್ತತುದಿಯ ಕಪ್ಪು ಹೋಗಿದ್ದರೆ, ಮೇಲಿನದು ಉಳಿದಿದ್ದರೆ ನಿಮ್ಮ ಓರೆ ಜಾಸ್ತಿ ಆಯಿತು. ಮೇಲಿನದು ಹೋಗಿ ತುದಿಯಲ್ಲಿ ಕಪ್ಪು ಗೆರೆ ಉಳಿದರೆ ಓರೆ ಕಡಿಮೆ ಆಯಿತು. ಪೂರ್ತಿ ಹೋಗಿದ್ದರೆ ಸರಿ. ನಾನು ಈಗಲೂ ಪ್ರತಿ ಸಲ ಮಾರ್ಕರ್ ಬಳಿಯುತ್ತೇನೆ. ಕಣ್ಣಂದಾಜು ನನಗೆ ಮೋಸ ಮಾಡಿದ್ದುಂಟು, ಮಸಿ ಇದುವರೆಗೆ ಮಾಡಿಲ್ಲ.

ಒಂದು ಬದಿ ಮುಗಿಯಿತು ಅಂತ ಹೇಗೆ ಗೊತ್ತಾಗುತ್ತದೆ?

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಒಂದು ಬದಿಯನ್ನು ಸಾಕಷ್ಟು ಮಸೆದಾಗ ಬಾಯಿಯಲ್ಲಿ ಲೋಹ ತೆಳ್ಳಗಾಗಿ ಆಚೆ ಬದಿಗೆ ಮಡಚಿಕೊಳ್ಳುತ್ತದೆ. ಕೂದಲೆಳೆಗಿಂತ ಸಣ್ಣ ಗರಿ. ಲೇತ್ ಕೆಲಸದವರು ಇದಕ್ಕೆ ಬರ್ ಅನ್ನುತ್ತಾರೆ. ಬರ್ ಬಂದಿದೆ ಅಂದರೆ ಆ ಬದಿಯನ್ನು ನೀವು ಬಾಯಿಯ ಕೊನೆವರೆಗೂ ಮಸೆದಿದ್ದೀರಿ ಅಂತ ಅರ್ಥ. ಬಂದಿಲ್ಲ ಅಂದರೆ ಇನ್ನೂ ಮಸೆಯಬೇಕು. ಎಣಿಕೆ, ನಿಮಿಷ ಯಾವುದೂ ಲೆಕ್ಕಕ್ಕಿಲ್ಲ. ಬರ್ ಹೇಳಿದ್ದೇ ಲೆಕ್ಕ.

ಬೆರಳಿನಿಂದ ನೋಡುವುದಾದರೆ ಆಚೆ ಬದಿಯಲ್ಲಿ ಬೆನ್ನಿನಿಂದ ಬಾಯಿಯ ಕಡೆಗೆ, ಹೊರಕ್ಕೆ, ಹಗುರಾಗಿ ಸವರಿ. ಬಾಯಿಯ ಉದ್ದಕ್ಕೆ ಯಾವತ್ತೂ ಬೆರಳು ಓಡಿಸಬೇಡಿ. ಬೆರಳಿಗೆ ಸಣ್ಣಗೆ ತಡೆದ ಹಾಗೆ ಆಗುತ್ತದೆ.

ಬೆರಳು ಬೇಡ ಅನ್ನುವವರಿಗೆ ಹತ್ತಿ ಇದೆ. ರಾಯಚೂರು ಕಡೆಯ ನಮ್ಮ ಬೀಗರ ಹೊಲದಲ್ಲಿ ಹತ್ತಿ ಬಿಡಿಸುವಾಗ ಇದು ನನಗೆ ಹೊಳೆಯಿತು. ಒಂದು ಚೂರು ಹತ್ತಿಯನ್ನು ಹಿಂಜಿ, ಮಸೆದ ಬದಿಯ ಎದುರು ಬದಿಯಲ್ಲಿ ಬೆನ್ನಿನಿಂದ ಬಾಯಿಯ ಕಡೆಗೆ ಎಳೆಯಿರಿ. ಬರ್ ಇದ್ದ ಕಡೆಯೆಲ್ಲ ಎಳೆ ಸಿಕ್ಕಿಕೊಳ್ಳುತ್ತದೆ. ಬುಡದಲ್ಲಿ ಸಿಕ್ಕಿಕೊಂಡು ನಡುವೆ ಸಿಗದೆ ಮೊನೆಯಲ್ಲಿ ಮತ್ತೆ ಸಿಕ್ಕರೆ ನಡುವಿನ ಭಾಗ ಇನ್ನೂ ಬಾಕಿ ಇದೆ. ಬಿಳಿ ಎಳೆಗಳು ಬಾಯಿಯುದ್ದಕ್ಕೂ ಸಾಲಾಗಿ ಹಿಡಿದು ನಿಂತದ್ದನ್ನು ಒಂದು ಸಲ ನೋಡಿದರೆ ಸಾಕು, ಮರೆಯುವುದಿಲ್ಲ.

ಉದ್ದಕ್ಕೂ ಬರ್ ಬಂದ ಮೇಲೆ ಚಾಕು ತಿರುಗಿಸಿ. ಅದೇ ಕಾಗದದಲ್ಲಿ ಇನ್ನೊಂದು ಬದಿಯನ್ನೂ ಬರ್ ಬರುವವರೆಗೆ ಮಸೆಯಿರಿ. ಆಮೇಲೆ 1500ಕ್ಕೆ ಹೋಗಿ. ಈಗ ಕೈ ಇನ್ನೂ ಹಗುರಾಗಲಿ. ಐದು ಈ ಬದಿ, ಐದು ಆ ಬದಿ. ಆಮೇಲೆ ಮೂರು ಮೂರು, ಕೊನೆಗೆ ಒಂದೊಂದು. ಹೀಗೆ ಮಾಡಿದರೆ ಬರ್ ಸಣ್ಣಗಾಗುತ್ತ ಹೋಗುತ್ತದೆ.

ಕೊನೆಗೆ ಚರ್ಮದ ಮೇಲೆ ಉಜ್ಜುತ್ತಾರಲ್ಲ, ಅದು ಬೇಕೇ ಬೇಕಾ?

ಬೇಕು. ಉಳಿದ ಬರ್ ಹೋಗುವುದು ಅಲ್ಲೇ. ಬರ್ ಉಳಿದ ಚಾಕು ಮೊದಲ ಎರಡು ಟೊಂಗೆ ಬೆಣ್ಣೆಯಂತೆ ಕೊಯ್ಯುತ್ತದೆ, ಮೂರನೆಯದಕ್ಕೆ ಮೊಂಡು. ‘ನಿನ್ನೆ ತಾನೇ ಮಸೆದೆ, ಇವತ್ತು ಹೋಗಿದೆ’ ಅನ್ನುವವರ ಚಾಕುವಿನಲ್ಲಿ ಹೆಚ್ಚಾಗಿ ಇದೇ ತೊಂದರೆ.

ಚರ್ಮವೇ ಆಗಬೇಕು ಅಂತೇನಿಲ್ಲ. ನಮ್ಮ ಪಕ್ಕದ ಬಳ್ಳಾರಿ ಜೀನ್ಸ್‌ಗೆ ಹೆಸರಾದ ಊರು. ಹಳೆಯ ಜೀನ್ಸ್ ಪ್ಯಾಂಟಿನ ತೊಡೆ ಭಾಗದ ಬಟ್ಟೆ ಕತ್ತರಿಸಿ ಅದೇ ಪೈಪಿಗೆ ಬಿಗಿಯಾಗಿ ಸುತ್ತಿ ಅಂಟಿಸಿ. ಹೊಲಿಗೆ ಇರುವ ಭಾಗ ಬೇಡ. ಅದಕ್ಕೆ ಲೋಹ ಪಾಲಿಶ್ ಮಾಡುವ ಹಸಿರು ಸೋಪು ತಿಕ್ಕಿ. ಅದು ಸಿಗದಿದ್ದರೆ ಹಿತ್ತಾಳೆ ಪಾತ್ರೆಗೆ ಹಚ್ಚುವ ಪಾಲಿಶ್ ಎರಡು ಹನಿ. ಮೊದಲಿನ ಹಾಗೇ ಬೆನ್ನಿನಿಂದ ಬಾಯಿಯ ಕಡೆಗೆ ಮಾತ್ರ ಎಳೆಯಿರಿ. ಒಂದೊಂದು ಬದಿಗೆ ಹತ್ತು ಹದಿನೈದು. ಒತ್ತಿದರೆ ಬಟ್ಟೆ ತಗ್ಗಿ ಬಾಯಿಯನ್ನು ಸುತ್ತಿಕೊಂಡು ಮತ್ತೆ ದುಂಡಗೆ ಮಾಡುತ್ತದೆ, ಹಾಗಾಗಿ ಒತ್ತಬೇಡಿ.

ಈ ಜೀನ್ಸ್ ಪೈಪು ನನ್ನ ತೋಟದ ಶೆಡ್ಡಿನಲ್ಲೇ ನೇತಾಡುತ್ತಿರುತ್ತದೆ. ಸಂಜೆ ಕೆಲಸ ಬಿಡುವಾಗ ಎರಡು ನಿಮಿಷ ಎಳೆದರೆ ಕಾಗದಕ್ಕೆ ಹೋಗುವ ಕೆಲಸ ಎಷ್ಟೋ ದಿನ ಮುಂದಕ್ಕೆ ಹೋಗುತ್ತದೆ.

ಹರಿತ ಆಗಿದೆಯಾ ಅಂತ ನೋಡುವುದು ಹೇಗೆ? ಕೈ ಕೂದಲು ಬೋಳಿಸಿ ನೋಡುತ್ತಾರಲ್ಲ?

ಬೇಡ. ಒಳಬಾಗಿನ ಚಾಕುವಿನಲ್ಲಿ ಹಾಗೆ ಮಾಡಲು ಹೋದರೆ ಮೊನೆ ಚರ್ಮಕ್ಕೆ ಚುಚ್ಚುತ್ತದೆ.

ರಾತ್ರಿ ಬಲ್ಬಿನ ಕೆಳಗೆ ಬಾಯಿಯನ್ನು ಮೇಲೆ ಮಾಡಿ ಹಿಡಿದು ನಿಧಾನಕ್ಕೆ ಅಲುಗಾಡಿಸಿ. ಮೊಂಡಾದ ಕಡೆ ಬೆಳಕು ಬಿದ್ದು ಬಿಳಿ ಗೆರೆ ಹೊಳೆಯುತ್ತದೆ. ಅಲ್ಲಿ ಬಾಯಿ ಚಪ್ಪಟೆ ಆಗಿದೆ, ಅದಕ್ಕೇ ಬೆಳಕು ವಾಪಸ್ ಬರುತ್ತಿದೆ. ಹರಿತವಾದ ಬಾಯಿಯ ಮೇಲೆ ಬೆಳಕಿಗೆ ಕೂರಲು ಜಾಗವೇ ಇರುವುದಿಲ್ಲ, ಏನೂ ಕಾಣುವುದಿಲ್ಲ. ಮುರುಕು ಇದ್ದರೆ ಚುಕ್ಕಿಯ ಹಾಗೆ ಮಿಂಚುತ್ತದೆ.

ಆಮೇಲೆ ಹಳೆಯ ದಿನಪತ್ರಿಕೆಯ ಹಾಳೆ. ಒಂದು ಕೈಯಲ್ಲಿ ಹಾಳೆ ಹಿಡಿದು, ಬುಡದಿಂದ ಮೊನೆವರೆಗೂ ಎಳೆದು ಕೊಯ್ಯಿರಿ. ಎಲ್ಲಿ ಹರಿಯುತ್ತದೋ ಅಲ್ಲಿ ಬಾಕಿ ಇದೆ. ನಿಜವಾದ ಪರೀಕ್ಷೆ ಮಾತ್ರ ಗಿಡದ ಮೇಲೆ. ಪೆನ್ಸಿಲ್ ದಪ್ಪದ ಹಸಿ ಚಿಗುರು ಕೊಯ್ದು ಕೊಯ್ದ ಜಾಗ ನೋಡಿ. ನುಣ್ಣಗೆ, ಒದ್ದೆ ಹೊಳಪಿನಿಂದ ಇರಬೇಕು. ನಾರು ಎದ್ದಿದ್ದರೆ, ತೊಗಟೆ ಕೆಳಕ್ಕೆ ಸಿಗಿದು ಬಂದಿದ್ದರೆ ಮನೆಗೆ ವಾಪಸ್.

ಪ್ರತಿ ಸಲ ಮೊನೆ ಸವೆದು ಮೊಂಡಾಗುತ್ತಿದೆ. ಏನು ತಪ್ಪು?

ಪೈಪು ಮೊನೆ ದಾಟಿ ಹೊರಗೆ ಜಾರುತ್ತಿದೆ. ಎಲ್ಲರೂ ಮಾಡುವ ತಪ್ಪು ಇದು. ಪೈಪಿನ ಅರ್ಧ ದಪ್ಪ ಮೊನೆಗೆ ಬಂದಾಗ ನಿಲ್ಲಿಸಿ ಎತ್ತಿಬಿಡಿ. ಈಗಾಗಲೇ ಮೊಂಡಾಗಿದ್ದರೆ ಬಾಯಿಯ ಕಡೆ ಏನೂ ಮಾಡಬೇಡಿ. ಬೆನ್ನಿನ ಕಡೆಯಿಂದ ಅರದಲ್ಲಿ, ಅರ ಜಾರಿದರೆ ಡೈಮಂಡ್ ಕಡ್ಡಿಯಲ್ಲಿ, ಸ್ವಲ್ಪ ಸ್ವಲ್ಪ ಉಜ್ಜಿ ಮೊನೆಯನ್ನು ಮತ್ತೆ ತನ್ನಿ.

ಇಷ್ಟೆಲ್ಲ ಯಾಕೆ? ಗ್ರೈಂಡರ್ ಚಕ್ರಕ್ಕೆ ಹಿಡಿದರೆ ಎರಡು ನಿಮಿಷದ ಕೆಲಸ ಅಲ್ವಾ?

ಎರಡು ನಿಮಿಷವೇ. ಆ ಎರಡು ನಿಮಿಷದಲ್ಲಿ ಏನಾಗುತ್ತದೆ ಅಂತ ಹೇಳುತ್ತೇನೆ.

ಚಾಕುವಿನ ಉಕ್ಕನ್ನು ಕಾಯಿಸಿ, ತಣಿಸಿ, ಹದ ಮಾಡಿರುತ್ತಾರೆ. ಗಟ್ಟಿತನ ಬರುವುದು ಆ ಹದದಿಂದ. ಬಾಯಿಯ ತುದಿ ತೀರಾ ತೆಳು, ಚಕ್ರಕ್ಕೆ ತಾಗಿದ ಕ್ಷಣದಲ್ಲೇ ಕಾಯುತ್ತದೆ. ಸಾಮಾನ್ಯ ಉಕ್ಕು 220 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಹುಲ್ಲಿನ ಹಳದಿ ಬಣ್ಣಕ್ಕೆ ತಿರುಗುತ್ತದೆ. 300ರ ಹತ್ತಿರ ನೀಲಿಯಾಗುತ್ತದೆ. ನೀಲಿ ಕಂಡಿತು ಅಂದರೆ ಅಲ್ಲಿಯ ಹದ ಹೋಯಿತು. ಆಮೇಲೆ ಎಷ್ಟು ಮಸೆದರೂ ಆ ಜಾಗ ಹರಿತ ಹಿಡಿದುಕೊಳ್ಳುವುದಿಲ್ಲ. ನೀಲಿಯಾದ ಲೋಹ ಪೂರ್ತಿ ಹೋಗುವವರೆಗೆ ಸವೆಸಬೇಕು, ಇಲ್ಲವೇ ಕುಲುಮೆಯಲ್ಲಿ ಮತ್ತೆ ಹದ ಮಾಡಿಸಬೇಕು.

ಜೊತೆಗೆ ಚಕ್ರದ ದುಂಡು ಬಹಳ ದೊಡ್ಡದು. ಒಳಬಾಗಿಗೆ ಹೊಂದುವುದಿಲ್ಲ. ಬಾಗೇ ನೇರವಾಗಿಬಿಡುತ್ತದೆ.

ಊರಿನ ಕಮ್ಮಾರರ ವಿಷಯ ಬೇರೆ. ಕುಡುಗೋಲು ಹಣಿಸಲು, ಕೊಡಲಿಗೆ ಹದ ಕೊಡಿಸಲು ಅವರ ಹತ್ತಿರವೇ ಹೋಗಬೇಕು. ಬೆಂಕಿಯ ಬಣ್ಣ ನೋಡಿ ಹದ ಹೇಳುವ ಕಣ್ಣು ಅವರದು. ಹಾಗೆ ಮಾಡುವವರು ನಿಮ್ಮೂರಲ್ಲಿ ಇನ್ನೂ ಇದ್ದರೆ ಅವರ ಹತ್ತಿರ ಒಂದು ಮಧ್ಯಾಹ್ನ ಕೂತು ನೋಡಿ.

ಕಸಿ ಚಾಕುವಿಗೆ ಒಂದೇ ಬದಿ ಇಳಿಜಾರು ಇದೆ. ಎರಡೂ ಬದಿ ಮಸೆಯಲಾ?

ಬೇಡವೇ ಬೇಡ. ಮಾವಿನ ಕಸಿಗೆ, ಟೊಂಗೆಯಲ್ಲೇ ಬೇರು ಬರಿಸಲು ದಾಳಿಂಬೆಗೆ ಗೂಟಿ ಕಟ್ಟುವಾಗ ತೊಗಟೆಯ ಉಂಗುರ ತೆಗೆಯಲು ಬಳಸುವ ಚಾಕುಗಳಲ್ಲಿ ಇಂಥವು ಬಹಳ. ಒಂದು ಬದಿ ಚಪ್ಪಟೆಯಾಗಿರುವುದರಿಂದಲೇ ಕೊಯ್ತ ನೇರ ಬರುತ್ತದೆ. ಇಳಿಜಾರು ಇರುವ ಬದಿ ಮಾತ್ರ ಮಸೆಯಿರಿ. ಚಪ್ಪಟೆ ಬದಿಯನ್ನು 1500ರ ಕಾಗದದ ಮೇಲೆ ಪೂರ್ತಿ ಮಲಗಿಸಿ ಒಂದೆರಡು ಸಲ ಎಳೆದು ಬರ್ ತೆಗೆದರೆ ಮುಗಿಯಿತು.

ಹಲ್ಲಿರುವ ಕುಡುಗೋಲಿಗೆ ಇದೇ ದಾರಿ ನಡೆಯುತ್ತದಾ? ಗಂಗಾವತಿ ಕಡೆ ನಮ್ಮದು ಭತ್ತ.

ಇಲ್ಲ. ಹೀಗೆ ಮಸೆದರೆ ಹಲ್ಲು ಹೋಗುತ್ತವೆ. ಹಲ್ಲಿನದಕ್ಕೆ ಸಣ್ಣ ಅರದಿಂದ ಒಂದೊಂದೇ ಹಲ್ಲು ತೀಡಬೇಕು.

ದಾಳಿಂಬೆ ಕೊಯ್ದರೆ ಚಾಕು ಕಪ್ಪಾಗುತ್ತದೆ. ತುಕ್ಕು ಅದು?

ಅಲ್ಲ. ದಾಳಿಂಬೆಯ ತೊಗಟೆಯಲ್ಲಿ, ಹಣ್ಣಿನ ಸಿಪ್ಪೆಯಲ್ಲಿ ಒಗರು ಜಾಸ್ತಿ. ಆ ಒಗರು ಕಬ್ಬಿಣದ ಜೊತೆ ಸೇರಿದರೆ ಕಪ್ಪು ಬಣ್ಣ ಹುಟ್ಟುತ್ತದೆ. ಹಿಂದೆ ಬರೆಯುವ ಮಸಿಯನ್ನೂ ಒಗರಿನ ಕಾಯಿ ಮತ್ತು ಕಬ್ಬಿಣದ ಉಪ್ಪಿನಿಂದ ಮಾಡುತ್ತಿದ್ದರು, ಅದೇ ಬಣ್ಣ ಇದು. ಇದರಿಂದ ಚಾಕುವಿಗೆ ತೊಂದರೆ ಇಲ್ಲ. ತುಕ್ಕು ಕೆಂಪಗೆ, ಪುಡಿಪುಡಿಯಾಗಿ ಇರುತ್ತದೆ. ಅದನ್ನು ಮಾತ್ರ ಬಿಡಬಾರದು.

ಕಪ್ಪಾಗುವ ಚಾಕು ಕೀಳು ಅಂತ ತಿಳಿಯಬೇಡಿ. ಸ್ಟೇನ್‌ಲೆಸ್ ಅಲ್ಲದ ಉಕ್ಕು ಬೇಗ ಹರಿತ ಹತ್ತುತ್ತದೆ, ನನಗೆ ಅದೇ ಇಷ್ಟ. ಅಂದ ಹಾಗೆ, ಅಯಸ್ಕಾಂತ ಹಿಡಿದರೆ ಸ್ಟೇನ್‌ಲೆಸ್ ಅಲ್ಲ ಅನ್ನುವ ಮಾತು ಚಾಕುವಿಗೆ ನಡೆಯುವುದಿಲ್ಲ. ಚಾಕು ಮಾಡುವ ಸ್ಟೇನ್‌ಲೆಸ್ ಉಕ್ಕನ್ನೂ ಅಯಸ್ಕಾಂತ ಹಿಡಿಯುತ್ತದೆ.

ಯಾವ ಎಣ್ಣೆ ಹಚ್ಚಬೇಕು?

ಹೊಲಿಗೆ ಮಷೀನಿನ ಎಣ್ಣೆ. ಒಂದು ಹನಿ ಅಲಗಿಗೆ, ಒಂದು ಹನಿ ಮಡಚುವ ಕೀಲಿಗೆ. ಮನೆಯಲ್ಲಿದೆ ಅಂತ ಕುಸುಬೆ ಎಣ್ಣೆ ಹಚ್ಚಬೇಡಿ. ಅದು ಗಾಳಿಗೆ ಒಣಗಿ ಅಂಟಾಗುವ ಎಣ್ಣೆ. ಕೀಲಿನಲ್ಲಿ ಸೇರಿದರೆ ಚಾಕು ತೆರೆಯುವುದೇ ಕಷ್ಟ. ಶೇಂಗಾ ಎಣ್ಣೆಯೂ ದಿನ ಕಳೆದ ಹಾಗೆ ಜಿಗುಟಾಗುತ್ತದೆ.

ಗಿಡದಿಂದ ಗಿಡಕ್ಕೆ ರೋಗ ಚಾಕುವಿನಿಂದ ಹರಡುತ್ತದೆ ಅನ್ನುತ್ತಾರೆ. ನಿಜವಾ?

ನಿಜ. ಇದನ್ನು ದಾಳಿಂಬೆ ಬೆಳೆಯುವವರು ಗಟ್ಟಿಯಾಗಿ ಹಿಡಿಯಬೇಕು. ದುಂಡಾಣು ಅಂಗಮಾರಿ ರೋಗ ನಮ್ಮ ಭಾಗದಲ್ಲಿ ಎಷ್ಟು ತೋಟ ಕಿತ್ತು ಹಾಕಿಸಿತು ಅನ್ನುವುದು ನಿಮಗೆ ಗೊತ್ತೇ ಇದೆ. ಕ್ಸಾಂತೋಮೋನಾಸ್ ಅನ್ನುವ ಬ್ಯಾಕ್ಟೀರಿಯಾ ಅದಕ್ಕೆ ಕಾರಣ. ಗಾಯದ ಮೂಲಕ ಅದು ಒಳಗೆ ಹೋಗುತ್ತದೆ, ಚಾಟನಿ ಮಾಡಿದ ಕತ್ತರಿ, ಚಾಕುವಿನ ಜೊತೆಗೂ ಹೋಗುತ್ತದೆ.

ಅದಕ್ಕೇ ಒಂದು ಗಿಡ ಮುಗಿದ ಮೇಲೆ ಚಾಕುವನ್ನು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಿ ಮುಂದಿನ ಗಿಡಕ್ಕೆ ಹೋಗಬೇಕು. ಎಷ್ಟು ನೀರಿಗೆ ಎಷ್ಟು ಅಂತ ನಿಮ್ಮ ತೋಟಗಾರಿಕೆ ಇಲಾಖೆಯವರನ್ನು ಕೇಳಿ. ಈ ದ್ರಾವಣ ಉಕ್ಕನ್ನು ತಿನ್ನುತ್ತದೆ. ಸಂಜೆ ಚಾಕುವನ್ನು ನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಹಚ್ಚದೆ ಮಲಗಬೇಡಿ. ಒಂದೇ ರಾತ್ರಿಯಲ್ಲಿ ಬಾಯಿಯಲ್ಲಿ ಕೆಂಪು ಚುಕ್ಕಿ ಎದ್ದದ್ದನ್ನು ನಾನು ನೋಡಿದ್ದೇನೆ.

ಕೊಯ್ದ ದೊಡ್ಡ ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 10 ಲೀಟರ್ ನೀರು. ಹರಿತ ಚಾಕುವಿನ ಗಾಯ ಸಣ್ಣದು, ಬೇಗ ಮಾಯುತ್ತದೆ. ಮೊಂಡು ಚಾಕು ತೊಗಟೆಯನ್ನು ಸಿಗಿಯುತ್ತದೆ, ಆ ಸೀಳಿನೊಳಗೆ ಮುಲಾಮೂ ಸರಿಯಾಗಿ ಹೋಗುವುದಿಲ್ಲ. ನಾನು ಮಸೆಯುವುದನ್ನು ಕಲಿತದ್ದೇ ಈ ಕಾರಣಕ್ಕೆ.

ಕೈ ಕೊಯ್ದುಕೊಂಡರೆ?

ಅರಿಷಿಣ, ಕಾಫಿಪುಡಿ, ಸುಣ್ಣ ಯಾವುದನ್ನೂ ತುಂಬಬೇಡಿ. ನೀರಿನಲ್ಲಿ ತೊಳೆದು, ಶುದ್ಧ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ಕೈ ಎದೆಗಿಂತ ಮೇಲಿರಲಿ. ನಡುನಡುವೆ ತೆಗೆದು ನೋಡಬೇಡಿ. ರಕ್ತ ನಿಲ್ಲದಿದ್ದರೆ, ಬೆರಳು ಮಡಚಲು ಬಾರದಿದ್ದರೆ, ತುದಿ ಜೋಮು ಹಿಡಿದಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಟಿಟಿ ಇಂಜೆಕ್ಷನ್ ಬೇಕೋ ಅಂತ ವೈದ್ಯರನ್ನು ಕೇಳಿ.

ನಮ್ಮ ಅಜ್ಜ ಬಂಡೆಯ ಮೇಲೇ ಮಸೆಯುತ್ತಿದ್ದರು. ಅದು ತಪ್ಪಾ?

ತಪ್ಪಲ್ಲ. ನಮ್ಮ ಕಡೆಯ ಗ್ರಾನೈಟ್ ಬಂಡೆಯಲ್ಲಿ ಬೆಣಚುಕಲ್ಲಿನ ಹರಳು ಇರುತ್ತದೆ, ಅದು ಉಕ್ಕನ್ನು ಸವೆಸುತ್ತದೆ. ಆದರೆ ಹರಳು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಕೊಡಲಿಗೆ, ಮಚ್ಚಿಗೆ ಸಾಕು. ಜೇಬು ಚಾಕುವಿಗೆ ಒರಟಾಯಿತು.

ಬಳ್ಳಾರಿ ಹತ್ತಿರದ ಸಂಗನಕಲ್ಲಿಗೆ ಒಮ್ಮೆ ಹೋಗಿ ಬನ್ನಿ. ಸುಮಾರು 4000 ವರ್ಷದ ಹಿಂದೆ ಹೊಸ ಶಿಲಾಯುಗದ ಜನ ಅಲ್ಲಿ ಡಾಲರೈಟ್ ಅನ್ನುವ ಕಪ್ಪು ಕಲ್ಲಿನಿಂದ ಕೊಡಲಿ ಮಾಡುತ್ತಿದ್ದರು. ಆ ಕೊಡಲಿಗಳನ್ನು ಬಂಡೆಗೆ ಉಜ್ಜಿ ಉಜ್ಜಿ ಬಿದ್ದ ನುಣುಪಾದ ಹಳ್ಳಗಳು ಈಗಲೂ ಇವೆ. ನಾನು ಒಂದರೊಳಗೆ ಅಂಗೈ ಇಟ್ಟು ನೋಡಿದೆ. ದೋಣಿಯ ಹಾಗೆ ನಡುವೆ ಆಳ, ಎರಡೂ ತುದಿಗೆ ಮೇಲು. ಕೊಡಲಿಯ ಬಾಯಿ ಹೊರಕ್ಕೆ ಬಾಗಿದ್ದು, ಹಳ್ಳ ಒಳಕ್ಕೆ ಬಾಗಿದ್ದು. ಬಾಗಿಗೆ ಬಾಗು ಹೊಂದಿಸಿಕೊಂಡು ಕೂತಿದ್ದರು ಅವರು. ಅಲ್ಲಿ ನಿಮ್ಮ ಚಾಕು ಮಾತ್ರ ಮಸೆಯಬೇಡಿ. ಆ ಬಂಡೆಗಳನ್ನು ಉಳಿಸಿಕೊಳ್ಳಬೇಕು.

ಎಷ್ಟು ದಿನಕ್ಕೊಮ್ಮೆ ಮಸೆಯಬೇಕು?

ದಿನದ ಲೆಕ್ಕ ಇಲ್ಲ. ಟೊಂಗೆ ಕೊಯ್ಯಲು ನಿನ್ನೆಗಿಂತ ಜಾಸ್ತಿ ಬಲ ಬೇಕಾಯಿತು ಅಂದರೆ ಅವತ್ತು ಸಂಜೆ. ಪೂರ್ತಿ ಮೊಂಡಾಗಲು ಬಿಟ್ಟರೆ ಒಂದು ಗಂಟೆಯ ಕೆಲಸ, ಆಗಾಗ ನೋಡಿಕೊಂಡರೆ ಹತ್ತು ನಿಮಿಷ. ನಮ್ಮ ಮನೆಯಲ್ಲಿ ಆಯುಧ ಪೂಜೆಯ ಹಿಂದಿನ ದಿನ ಎಲ್ಲವನ್ನೂ ತೆಗೆದು ಮಸೆಯುತ್ತೇವೆ, ಈಳಿಗೆಯಿಂದ ಹಿಡಿದು ಸಲಿಕೆವರೆಗೆ. ಅದು ವರ್ಷದ ಲೆಕ್ಕ, ಚಾಕುವಿಗೆ ಅಷ್ಟು ಸಾಲದು.

ಗ್ರೈಂಡರ್‌ನಲ್ಲಿ ಈಗಾಗಲೇ ಬಾಗು ಹಾಳಾಗಿದೆ. ಮತ್ತೆ ತರಬಹುದಾ?

ಸ್ವಲ್ಪ ಮಟ್ಟಿಗೆ. ದುಂಡು ಅರ ತೆಗೆದುಕೊಂಡು ಒಳಬಾಗನ್ನು ಮತ್ತೆ ಕೊರೆಯಬೇಕು, ಆಮೇಲೆ ಮೇಲಿನ ಹಾಗೇ ಮಸೆಯಬೇಕು. ಹದ ಇನ್ನೂ ಗಟ್ಟಿಯಾಗಿದ್ದರೆ ಅರ ಜಾರುತ್ತದೆ, ಸರಿಯಾಗಿ ಹಿಡಿಯುವುದಿಲ್ಲ. ಆಗ ಡೈಮಂಡ್ ಕಡ್ಡಿಯೇ ಬೇಕು. ಅರ ತೀರಾ ಸಲೀಸಾಗಿ ಕೊರೆಯಿತು ಅಂದರೆ ಹದ ಹೋಗಿರಬಹುದು.

ನಮ್ಮಪ್ಪನ ಚಾಕುವಿಗೆ ಹಾಗೆ ಆಯಿತು. ಅವರು ಇಪ್ಪತ್ತು ವರ್ಷ ಬಳಸಿದ್ದು. ನಾನು ಅವಸರಕ್ಕೆ ಬಿದ್ದು ಒಂದು ಅಂಗಡಿಯಲ್ಲಿ ಚಕ್ರಕ್ಕೆ ಕೊಟ್ಟೆ. ವಾಪಸ್ ಬಂದಾಗ ಬಾಯಿ ಉದ್ದಕ್ಕೂ ನೀಲಿ, ಕೊಕ್ಕು ನೇರ. ಅಪ್ಪ ಅದನ್ನು ತೆರೆದು ನೋಡಿದರು, ಮಡಚಿದರು, ನನ್ನ ಕೈಗೆ ಕೊಟ್ಟರು. ಏನೂ ಅನ್ನಲಿಲ್ಲ. ದುಂಡು ಅರದಲ್ಲಿ ಮೂರು ಸಂಜೆ ಕೂತು ಬಾಗು ತಂದೆ. ಹದ ಬರಲಿಲ್ಲ. ಟೊಂಗೆಗೆ ಅದು ಆಗುವುದಿಲ್ಲ, ಸುತ್ತಲಿ ದಾರಕ್ಕೆ ಆಗುತ್ತದೆ. ಪ್ರತಿ ಭಾನುವಾರ ಅದನ್ನೂ ಜೀನ್ಸ್ ಪೈಪಿಗೆ ಎಳೆಯುತ್ತೇನೆ.